ಬ್ರೌಸರ್‌ನಲ್ಲಿ ಜಾವಾ ಆಪ್ಲೆಟ್: ರಚನೆ, ಕಾರ್ಯವಿಧಾನ ಮತ್ತು ಅರ್ಜಿದಾರರು ತಿಳಿದಿರಬೇಕಾದ ಅಂಶಗಳು

1. ಪ್ರಸ್ತಾವನೆ

ಅಂತರಜಾಲದ ಮೂಲಕ ಸರ್ಕಾರಿ ಸೇವೆಗಳಿಗೆ ಅರ್ಜಿ ಸಲ್ಲಿಸುವ ಕುರಿತ ಹಳೆಯ ಕೈಪಿಡಿಗಳಲ್ಲಿ “ಗಣಕಯಂತ್ರದಲ್ಲಿ ಜಾವಾ ತಂತ್ರಾಂಶವನ್ನು ಅಳವಡಿಸಿಕೊಳ್ಳತಕ್ಕದ್ದು” ಎಂಬ ಸೂಚನೆ ಈಗಲೂ ಕಂಡುಬರುತ್ತದೆ. ಈ ಸೂಚನೆಯು ಜಾವಾ ಆಪ್ಲೆಟ್ ಎಂಬ ತಂತ್ರಜ್ಞಾನಕ್ಕೆ ಸಂಬಂಧಿಸಿದ್ದಾಗಿದ್ದು, ಇಂದಿನ ಯಾವುದೇ ಪ್ರಮುಖ ಬ್ರೌಸರ್ ಅದನ್ನು ನಡೆಸುವುದಿಲ್ಲ. ಹಳೆಯ ಸೂಚನೆಯನ್ನು ನಂಬಿ ತಂತ್ರಾಂಶ ಹುಡುಕುತ್ತಾ ಅರ್ಜಿಯ ಕೊನೆಯ ದಿನಾಂಕ ಮೀರುವ, ಇಲ್ಲವೇ ಅಪರಿಚಿತ ತಾಣದಿಂದ ಹಾನಿಕಾರಕ ತಂತ್ರಾಂಶ ಪಡೆಯುವ ಸಂಭವವಿರುತ್ತದೆ. ಶಿರಸಿ, ಸಿದ್ದಾಪುರ ಮತ್ತು ಯಲ್ಲಾಪುರ ತಾಲ್ಲೂಕುಗಳ ಗ್ರಾಮಾಂತರ ಅರ್ಜಿದಾರರಿಗೆ ಇದು ಹೆಚ್ಚು ಅನ್ವಯಿಸುತ್ತದೆ. ಬನವಾಸಿಗೆ ಸಮೀಪದ ಗುಡ್ನಾಪುರದಂತಹ ಗ್ರಾಮದವರು ಇದೊಂದು ಕಾರಣಕ್ಕಾಗಿ ಶಿರಸಿಗೆ ಹೋಗಿ ಬರಬೇಕಾದರೆ ಒಂದು ದಿನದ ಕೆಲಸವೇ ತಪ್ಪುತ್ತದೆ.

ಆಪ್ಲೆಟ್ ಎಂದರೇನು, ಅದನ್ನು ಹೇಗೆ ರಚಿಸಿ ನಡೆಸಲಾಗುತ್ತಿತ್ತು, ಅದರ ಬಳಕೆ ಏಕೆ ನಿಂತಿತು ಹಾಗೂ ಅರ್ಜಿದಾರರಿಗೆ ಈಗ ಏನು ಅಗತ್ಯ ಎಂಬುದನ್ನು ಈ ಪುಟದಲ್ಲಿ ವಿವರಿಸಲಾಗಿದೆ.

2. ಜಾವಾ ಆಪ್ಲೆಟ್ ಎಂದರೇನು?

ಜಾವಾ ಎಂಬುದು ಸನ್ ಮೈಕ್ರೋಸಿಸ್ಟಮ್ಸ್ ಸಂಸ್ಥೆಯು 1995ರಲ್ಲಿ ಪ್ರಕಟಿಸಿದ ಕ್ರಮವಿಧಿ ಭಾಷೆ. 2010ರಲ್ಲಿ ಒರಾಕಲ್ ಸಂಸ್ಥೆಯು ಸನ್ ಸಂಸ್ಥೆಯನ್ನು ತನ್ನದಾಗಿಸಿಕೊಂಡಿತು. ಜಾಲಪುಟದೊಳಗೆ ಒಂದು ಚೌಕಟ್ಟಿನಲ್ಲಿ ನಡೆಯುವಂತೆ ಜಾವಾ ಭಾಷೆಯಲ್ಲಿ ಬರೆದ ಚಿಕ್ಕ ಕ್ರಮವಿಧಿಗೆ ಆಪ್ಲೆಟ್ ಎಂದು ಹೆಸರು. 1996ರಲ್ಲಿ ನೆಟ್‌ಸ್ಕೇಪ್ ನ್ಯಾವಿಗೇಟರ್ 2.0 ಹಾಗೂ ಅದೇ ವರ್ಷ ಇಂಟರ್ನೆಟ್ ಎಕ್ಸ್‌ಪ್ಲೋರರ್ 3.0 ಬ್ರೌಸರ್‌ಗಳು ಆಪ್ಲೆಟ್‌ಗಳನ್ನು ನಡೆಸತೊಡಗಿದವು.

ಆ ಕಾಲದ ಜಾಲಪುಟಗಳು ಬಹುತೇಕ ಅಕ್ಷರ ಮತ್ತು ಚಿತ್ರಗಳಿಗೆ ಸೀಮಿತವಾಗಿದ್ದವು. ಪುಟದಲ್ಲಿಯೇ ಲೆಕ್ಕ ಮಾಡುವ, ರೇಖಾಚಿತ್ರವನ್ನು ಎಳೆದು ತೋರಿಸುವ ಕೆಲಸಗಳಿಗೆ ಆಪ್ಲೆಟ್ ನೆರವಾಯಿತು. ಶಾಲೆಗಳಲ್ಲಿ ಬಳಕೆಯಲ್ಲಿರುವ ಜಿಯೋಜೀಬ್ರಾ ಗಣಿತ ತಂತ್ರಾಂಶ ಮತ್ತು ಫೆಟ್ ವಿಜ್ಞಾನ ಪ್ರಯೋಗಗಳು ಸಹ ಆರಂಭದ ವರ್ಷಗಳಲ್ಲಿ ಜಾವಾ ಆಧಾರಿತವಾಗಿದ್ದು, ತರುವಾಯ ಎಚ್‌ಟಿಎಂಎಲ್ 5 ರೂಪಕ್ಕೆ ಬದಲಾದವು.

ಗಮನಿಸಿ: ಜಾವಾ ಮತ್ತು ಜಾವಾಸ್ಕ್ರಿಪ್ಟ್ ಬೇರೆ ಬೇರೆ. ಜಾವಾಸ್ಕ್ರಿಪ್ಟ್ ಎಲ್ಲ ಬ್ರೌಸರ್‌ಗಳಲ್ಲಿ ಅಂತರ್ಗತವಾಗಿದ್ದು, ಅದಕ್ಕಾಗಿ ಏನನ್ನೂ ಅಳವಡಿಸಬೇಕಿಲ್ಲ. “ಜಾವಾಸ್ಕ್ರಿಪ್ಟ್ ಸಕ್ರಿಯಗೊಳಿಸಿ” ಎಂಬ ಸಂದೇಶ ಬಂದಲ್ಲಿ ಬ್ರೌಸರ್‌ನ ಸೆಟ್ಟಿಂಗ್ಸ್ ನೋಡಬೇಕೇ ಹೊರತು ಜಾವಾ ತಂತ್ರಾಂಶವನ್ನು ಅಳವಡಿಸುವುದಲ್ಲ.

3. ಆಪ್ಲೆಟ್ ರಚನೆಯ ಹಂತಗಳು

ಆಪ್ಲೆಟ್ ಸಿದ್ಧಪಡಿಸುವ ಕ್ರಮ ಈ ಕೆಳಗಿನಂತಿತ್ತು:

(1) ಜಾವಾ ಭಾಷೆಯಲ್ಲಿ ಮೂಲ ಕ್ರಮವಿಧಿಯನ್ನು ಬರೆದು ಕಡತದಲ್ಲಿ ಉಳಿಸುವುದು. ಈ ಕ್ರಮವಿಧಿಯು ಜಾವಾದಲ್ಲಿ ಸಿದ್ಧವಾಗಿ ದೊರೆಯುವ ‘ಆಪ್ಲೆಟ್’ ಎಂಬ ವರ್ಗವನ್ನು ಆಧರಿಸಿರಬೇಕಿತ್ತು.

(2) ಜಾವಾ ಅಭಿವೃದ್ಧಿ ಕಿಟ್‌ನಲ್ಲಿರುವ ಕಂಪೈಲರ್ ಮೂಲಕ ಅದನ್ನು ‘ಬೈಟ್‌ಕೋಡ್’ ರೂಪಕ್ಕೆ ಪರಿವರ್ತಿಸುವುದು. ಬೈಟ್‌ಕೋಡ್ ಯಾವುದೇ ಒಂದು ಬಗೆಯ ಗಣಕಯಂತ್ರಕ್ಕೆ ಸೀಮಿತವಲ್ಲ; ಜಾವಾ ಇರುವ ವಿಂಡೋಸ್, ಲಿನಕ್ಸ್ ಮುಂತಾದ ವ್ಯವಸ್ಥೆಗಳಲ್ಲೆಲ್ಲ ಅದೇ ಕಡತ ನಡೆಯುತ್ತದೆ.

(3) ಕಡತಗಳು ಹಲವಿದ್ದಲ್ಲಿ ಅವನ್ನು ‘ಜಾರ್’ ಎಂಬ ಒಂದೇ ಅಡಕ ಕಡತವಾಗಿ ಕಟ್ಟುವುದು. ಪ್ರತಿಯೊಂದು ಕಡತವನ್ನೂ ಪ್ರತ್ಯೇಕವಾಗಿ ತರಿಸುವ ಬದಲು ಒಂದೇ ಬಾರಿಗೆ ತರಿಸಬಹುದಾದ್ದರಿಂದ, ದೂರವಾಣಿ ತಂತಿಯ ನಿಧಾನಗತಿಯ ಸಂಪರ್ಕವಿದ್ದ ಊರುಗಳಲ್ಲಿ ಇದು ಮುಖ್ಯವಾಗಿತ್ತು.

(4) ಅರ್ಜಿದಾರರ ಗಣಕಯಂತ್ರದ ಕಡತ ಅಥವಾ ಸಾಧನವನ್ನು ಬಳಸಬೇಕಾದ ಆಪ್ಲೆಟ್ ಆಗಿದ್ದಲ್ಲಿ, ಜಾರ್ ಕಡತಕ್ಕೆ ತಂತ್ರಾಂಶ ರೂಪಿಸಿದ ಸಂಸ್ಥೆಯ ಡಿಜಿಟಲ್ ಸಹಿ ಹಾಕುವುದು.

(5) ಜಾಲಪುಟದ ಎಚ್‌ಟಿಎಂಎಲ್ ಕಡತದಲ್ಲಿ ‘ಆಪ್ಲೆಟ್’ ಅಥವಾ ‘ಆಬ್ಜೆಕ್ಟ್’ ಎಂಬ ಟ್ಯಾಗ್ ಸೇರಿಸಿ, ನಡೆಸಬೇಕಾದ ವರ್ಗದ ಹೆಸರು, ಜಾರ್ ಕಡತದ ಸ್ಥಳ ಹಾಗೂ ಚೌಕಟ್ಟಿನ ಅಗಲ ಮತ್ತು ಎತ್ತರವನ್ನು ನಮೂದಿಸುವುದು.

(6) ‘ಆಪ್ಲೆಟ್ ವ್ಯೂವರ್’ ಎಂಬ ಉಪಕರಣದಲ್ಲಿ ಮೊದಲು ಪರೀಕ್ಷಿಸಿ, ಆನಂತರ ಸರ್ವರ್‌ಗೆ ಏರಿಸುವುದು.

4. ಬ್ರೌಸರ್‌ನಲ್ಲಿ ಆಪ್ಲೆಟ್ ನಡೆಯುತ್ತಿದ್ದ ಬಗೆ

ಅರ್ಜಿದಾರರು ಪುಟವನ್ನು ತೆರೆದಾಗ ಬ್ರೌಸರ್ ಆಪ್ಲೆಟ್ ಟ್ಯಾಗನ್ನು ಗುರುತಿಸಿ, ಗಣಕಯಂತ್ರದಲ್ಲಿ ಅಳವಡಿಸಿದ್ದ ಜಾವಾ ಪ್ಲಗಿನ್‌ಗೆ ಕೆಲಸವನ್ನು ಒಪ್ಪಿಸುತ್ತಿತ್ತು. ಪ್ಲಗಿನ್ ಜಾವಾ ಯಂತ್ರವನ್ನು ಪ್ರಾರಂಭಿಸಿ, ಜಾರ್ ಕಡತವನ್ನು ತರಿಸಿ, ಬೈಟ್‌ಕೋಡನ್ನು ಪರಿಶೀಲಿಸಿ ನಡೆಸುತ್ತಿತ್ತು. ಆಪ್ಲೆಟ್‌ನಲ್ಲಿ ‘ಇನಿಟ್’ ಎಂಬ ಭಾಗವು ಒಮ್ಮೆ ಮಾತ್ರ ಸಿದ್ಧತೆಗಾಗಿ, ‘ಸ್ಟಾರ್ಟ್’ ಕೆಲಸದ ಆರಂಭಕ್ಕೆ, ‘ಪೇಂಟ್’ ಚೌಕಟ್ಟಿನಲ್ಲಿ ಬರೆಯಲು, ‘ಸ್ಟಾಪ್’ ಕೆಲಸವನ್ನು ತಡೆಹಿಡಿಯಲು ಹಾಗೂ ‘ಡೆಸ್ಟ್ರಾಯ್’ ಸಂಪೂರ್ಣ ಮುಕ್ತಾಯಕ್ಕೆ ಬಳಕೆಯಾಗುತ್ತಿದ್ದವು.

ಪುಟ ತೆರೆದಾಗ ಬೂದು ಬಣ್ಣದ ಖಾಲಿ ಚೌಕವಷ್ಟೇ ಕಾಣುತ್ತಿದ್ದರೆ, ಪ್ಲಗಿನ್ ಇಲ್ಲದಿರುವುದು, ಜಾರ್ ಕಡತ ಪೂರ್ಣವಾಗಿ ಬಾರದಿರುವುದು ಅಥವಾ ಜಾವಾ ಆವೃತ್ತಿ ಹೊಂದಾಣಿಕೆಯಾಗದಿರುವುದು ಸಾಮಾನ್ಯ ಕಾರಣಗಳಾಗಿದ್ದವು.

5. ಕನ್ನಡ ಅಕ್ಷರಗಳ ನಿರ್ವಹಣೆ

ಜಾವಾ ಭಾಷೆಯು ಆರಂಭದಿಂದಲೇ ಯುನಿಕೋಡ್ ಸಂಕೇತಗಳನ್ನು ಬಳಸುತ್ತದೆ. ಆದ್ದರಿಂದ ಅರ್ಜಿದಾರರ ಹೆಸರು, ಗ್ರಾಮದ ಹೆಸರು ಮುಂತಾದವನ್ನು ಕನ್ನಡದಲ್ಲಿಯೇ ಸಂಗ್ರಹಿಸಲು ಅಡ್ಡಿಯಿರಲಿಲ್ಲ. ಆದರೆ ಸಂಗ್ರಹಿಸುವುದು ಬೇರೆ, ತೆರೆಯ ಮೇಲೆ ಸರಿಯಾಗಿ ಮೂಡಿಸುವುದು ಬೇರೆ. ‘ಗುಡ್ನಾಪುರ’ ಎಂಬ ಪದದಲ್ಲಿ ಡಕಾರದ ಕೆಳಗೆ ನಕಾರದ ಒತ್ತು ಬರಬೇಕು. ಯುನಿಕೋಡ್ ಫಾಂಟ್ ಅಥವಾ ಅಕ್ಷರ ಜೋಡಿಸುವ ವ್ಯವಸ್ಥೆ ಇಲ್ಲದ ಗಣಕಯಂತ್ರದಲ್ಲಿ ಒತ್ತಕ್ಷರ ಬಿಡಿಯಾಗಿಯೋ ಅಕ್ಷರದ ಬದಲು ಚೌಕಗಳಾಗಿಯೋ ಕಾಣುತ್ತಿತ್ತು. ಮೂಲ ಕಡತವನ್ನು ಯುಟಿಎಫ್-8 ವಿಧಾನದಲ್ಲಿ ಉಳಿಸಿ, ಕಂಪೈಲ್ ಮಾಡುವಾಗಲೂ ಅದೇ ವಿಧಾನವನ್ನು ನಮೂದಿಸುವುದು ಅಗತ್ಯವಾಗಿತ್ತು.

ತೆರೆಯ ಮೇಲೆ ಹೆಸರು ತಪ್ಪಾಗಿ ಕಂಡ ಮಾತ್ರಕ್ಕೆ ದಾಖಲೆಯಲ್ಲಿ ತಪ್ಪಿದೆ ಎಂದು ಭಾವಿಸಬೇಕಿಲ್ಲ. ತಿದ್ದುಪಡಿಗೆ ಅರ್ಜಿ ಸಲ್ಲಿಸುವ ಮುನ್ನ ಬೇರೊಂದು ಗಣಕಯಂತ್ರದಲ್ಲಿ ಅಥವಾ ಮೊಬೈಲ್‌ನಲ್ಲಿ ತೆರೆದು ನೋಡುವುದು ಸೂಕ್ತ. ಈ ಮಾತು ಇಂದಿನ ಜಾಲಪುಟಗಳಿಗೂ ಅನ್ವಯಿಸುತ್ತದೆ.

6. ಆಪ್ಲೆಟ್ ಮತ್ತು ಡಿಜಿಟಲ್ ಸಹಿ

ಭಾರತದ ಇ-ಆಡಳಿತದಲ್ಲಿ ಆಪ್ಲೆಟ್‌ನ ಮುಖ್ಯ ಬಳಕೆ ಡಿಜಿಟಲ್ ಸಹಿಗೆ ಸಂಬಂಧಿಸಿತ್ತು. 2000ನೇ ಇಸವಿಯ ಅಕ್ಟೋಬರ್ 17ರಂದು ಜಾರಿಗೆ ಬಂದ ಮಾಹಿತಿ ತಂತ್ರಜ್ಞಾನ ಅಧಿನಿಯಮ, 2000 ಡಿಜಿಟಲ್ ಸಹಿಗೆ ಕಾನೂನಿನ ಮಾನ್ಯತೆ ನೀಡಿತು. ಸಹಿಯ ಗುಪ್ತ ಕೀಲಿಯು ಪೆನ್ ಡ್ರೈವ್‌ನಂತೆ ಕಾಣುವ ಯುಎಸ್‌ಬಿ ಟೋಕನ್‌ನಲ್ಲಿರುತ್ತದೆ. ಅರ್ಜಿಯು ಬ್ರೌಸರ್‌ನಲ್ಲಿ, ಕೀಲಿಯು ಟೋಕನ್‌ನಲ್ಲಿ. ಇವೆರಡರ ನಡುವೆ ಸಂಪರ್ಕ ಕಲ್ಪಿಸುವ ಕೆಲಸವನ್ನು ಆಪ್ಲೆಟ್ ಮಾಡುತ್ತಿತ್ತು. 2006ರಲ್ಲಿ ಆರಂಭವಾದ ಕೇಂದ್ರ ಕಂಪನಿ ವ್ಯವಹಾರಗಳ ಸಚಿವಾಲಯದ ಎಂಸಿಎ 21 ಯೋಜನೆಯಲ್ಲಿ ಡಿಜಿಟಲ್ ಸಹಿಯ ಬಳಕೆಗೆ ಗಣಕಯಂತ್ರದಲ್ಲಿ ಜಾವಾ ಇರುವುದು ಅಗತ್ಯವಾಗಿತ್ತು.

ಇಲ್ಲಿ ಎರಡು ಪ್ರತ್ಯೇಕ ಸಹಿಗಳಿದ್ದವು. ಮೊದಲನೆಯದು, ತಂತ್ರಾಂಶ ಸಂಸ್ಥೆಯು ಆಪ್ಲೆಟ್‌ಗೆ ಹಾಕಿದ ಸಹಿ. ಇಂತಹ ಸಹಿಯಿಲ್ಲದ ಆಪ್ಲೆಟ್ ಗಣಕಯಂತ್ರದ ಕಡತಗಳನ್ನು ಓದುವಂತಿರಲಿಲ್ಲ ಹಾಗೂ ತಾನು ಬಂದ ಸರ್ವರ್ ಹೊರತು ಬೇರೆಡೆಗೆ ಸಂಪರ್ಕ ಬೆಳೆಸುವಂತಿರಲಿಲ್ಲ. ಎರಡನೆಯದು, ಅರ್ಜಿದಾರರು ಟೋಕನ್‌ನ ಪಿನ್ ನಮೂದಿಸಿ ಅರ್ಜಿಗೆ ಹಾಕಿದ ಸಹಿ. ದಾಖಲೆಯಲ್ಲಿ ಉಳಿಯುವುದು ಈ ಎರಡನೆಯ ಸಹಿ ಮಾತ್ರ.

ಆದಕಾರಣ, ಆಪ್ಲೆಟ್ ಬಳಕೆ ನಿಂತಿದ್ದರಿಂದ ಅದರ ಮೂಲಕ ಹಿಂದೆ ಸಹಿ ಮಾಡಿದ ದಾಖಲೆಗಳು ಅಮಾನ್ಯವಾಗುವುದಿಲ್ಲ. ಸಹಿಯು ದಾಖಲೆಯ ಕಡತದಲ್ಲಿದೆ. ಆಪ್ಲೆಟ್ ಸಹಿ ಮಾಡುವ ಉಪಕರಣ ಮಾತ್ರ. ಕದಂಬ ದೊರೆ ರವಿವರ್ಮನ ಕಾಲದ ಗುಡ್ನಾಪುರ ಸ್ತಂಭಶಾಸನದಲ್ಲಿ ಮನ್ಮಥನ ಆಲಯದ ನಿರ್ಮಾಣ ಮತ್ತು ಅದಕ್ಕೆ ಬಿಟ್ಟ ಭೂಮಿಯ ವಿವರಗಳಿವೆ. ಅದನ್ನು ಕೆತ್ತಿದ ಉಳಿ ಇಂದಿಲ್ಲ, ಆದರೂ ಶಾಸನವನ್ನು ಓದಬಹುದಾಗಿದೆ. ಅಂತೆಯೇ ಸಹಿ ಮಾಡಿದ ಮೂಲ ಕಡತವನ್ನು ಹಾಗೆಯೇ ಕಾಪಾಡಿಕೊಳ್ಳುವುದು ಅರ್ಜಿದಾರರ ಹಿತದೃಷ್ಟಿಯಿಂದ ಅವಶ್ಯ. ಮುದ್ರಿತ ಪ್ರತಿಯಿಂದ ಡಿಜಿಟಲ್ ಸಹಿಯನ್ನು ಪರಿಶೀಲಿಸಲಾಗದು. ಮೂಲ ಕಡತದಿಂದ ಮಾತ್ರ ಸಾಧ್ಯ.

7. ಆಪ್ಲೆಟ್ ಬಳಕೆ ನಿಂತ ಕ್ರಮ

ಸಹಿ ಇರುವ ಆಪ್ಲೆಟ್‌ಗೆ ಒಮ್ಮೆ ಅನುಮತಿ ನೀಡಿದರೆ ಅದು ಗಣಕಯಂತ್ರವನ್ನು ವ್ಯಾಪಕವಾಗಿ ಬಳಸಬಹುದಿತ್ತು. ಅಲ್ಲದೆ ಪ್ಲಗಿನ್‌ನಲ್ಲಿನ ದೋಷಗಳನ್ನು ದುರ್ಬಳಕೆದಾರರು ಬಳಸಿಕೊಳ್ಳತೊಡಗಿದರು. ಪರಿಣಾಮವಾಗಿ:

• 2013ರ ಜನವರಿ: ಬ್ರೌಸರ್‌ಗಳಲ್ಲಿ ಜಾವಾವನ್ನು ನಿಷ್ಕ್ರಿಯಗೊಳಿಸುವಂತೆ ಅಮೆರಿಕದ ಗಣಕ ತುರ್ತು ಸ್ಪಂದನಾ ತಂಡವು ಸಲಹೆ ನೀಡಿತು.
• 2014ರ ಜನವರಿ: ಮಾನ್ಯ ಸಹಿಯಿಲ್ಲದ ಆಪ್ಲೆಟ್‌ಗಳನ್ನು ಜಾವಾ ತಂತ್ರಾಂಶವೇ ತಡೆಯತೊಡಗಿತು.
• 2015ರ ಸೆಪ್ಟೆಂಬರ್: ಗೂಗಲ್ ಕ್ರೋಮ್ 45ನೇ ಆವೃತ್ತಿಯಲ್ಲಿ ಜಾವಾ ಪ್ಲಗಿನ್‌ಗೆ ಅವಕಾಶ ಸಂಪೂರ್ಣ ನಿಂತಿತು.
• 2017ರ ಮಾರ್ಚ್: ಫೈರ್‌ಫಾಕ್ಸ್ 52ನೇ ಆವೃತ್ತಿಯೂ ಅದೇ ಕ್ರಮ ಅನುಸರಿಸಿತು.
• 2018ರ ಸೆಪ್ಟೆಂಬರ್: ಜಾವಾ 11ನೇ ಆವೃತ್ತಿಯಿಂದ ಪ್ಲಗಿನ್ ಮತ್ತು ಆಪ್ಲೆಟ್ ವ್ಯೂವರ್ ತೆಗೆಯಲ್ಪಟ್ಟವು.
• 2022ರ ಜೂನ್ 15: ಇಂಟರ್ನೆಟ್ ಎಕ್ಸ್‌ಪ್ಲೋರರ್ 11ರ ಬೆಂಬಲವನ್ನು ವಿಂಡೋಸ್ 10ರ ಸಾಮಾನ್ಯ ಆವೃತ್ತಿಗಳಲ್ಲಿ ಮೈಕ್ರೋಸಾಫ್ಟ್ ಕೊನೆಗೊಳಿಸಿತು.

ಜಾವಾ ಭಾಷೆಯು ಇಂದಿಗೂ ಸರ್ವರ್‌ಗಳಲ್ಲಿ ವ್ಯಾಪಕವಾಗಿ ಬಳಕೆಯಲ್ಲಿದೆ. ನಿಂತಿರುವುದು ಬ್ರೌಸರ್‌ನೊಳಗಿನ ಅದರ ಬಳಕೆ ಮಾತ್ರ.

8. ಅರ್ಜಿದಾರರಿಗೆ ಈಗ ಅಗತ್ಯವಿರುವುದು

(ಅ) ಪಹಣಿ ವೀಕ್ಷಣೆ, ಜಾತಿ, ಆದಾಯ ಮತ್ತು ವಾಸಸ್ಥಳ ಪ್ರಮಾಣಪತ್ರಗಳು: ಜಾವಾ ಅಗತ್ಯವಿಲ್ಲ. ಅರ್ಜಿದಾರರ ಸ್ವಂತ ಡಿಜಿಟಲ್ ಸಹಿಯೂ ಅಗತ್ಯವಿಲ್ಲ.

(ಆ) ವೈಯಕ್ತಿಕ ಆದಾಯ ತೆರಿಗೆ ವಿವರ: ಆಧಾರ್ ಆಧಾರಿತ ಒಟಿಪಿ ಮೂಲಕ ದೃಢೀಕರಿಸಬಹುದು. ಹಿಂದೆ ಬಳಕೆಯಲ್ಲಿದ್ದ ‘ಜಾವಾ ಯುಟಿಲಿಟಿ’ ಆಪ್ಲೆಟ್ ಆಗಿರಲಿಲ್ಲ. ಅದು ಗಣಕಯಂತ್ರದಲ್ಲಿ ಪ್ರತ್ಯೇಕವಾಗಿ ನಡೆಯುವ ತಂತ್ರಾಂಶವಾಗಿತ್ತು.

(ಇ) ಕಂಪನಿ ದಾಖಲೆಗಳು: ಅಡಿಕೆ, ಕಾಳುಮೆಣಸು ಬೆಳೆಗಾರರು ಸೇರಿ ರಚಿಸಿಕೊಳ್ಳುವ ರೈತ ಉತ್ಪಾದಕ ಕಂಪನಿಗಳ ನಿರ್ದೇಶಕರಿಗೆ ಡಿಜಿಟಲ್ ಸಹಿ ಅಗತ್ಯ. 2021ರ ಜನವರಿ 1ರಿಂದ 2ನೇ ವರ್ಗದ ಪ್ರಮಾಣಪತ್ರಗಳ ನೀಡಿಕೆ ನಿಂತಿದ್ದು, 3ನೇ ವರ್ಗದ ಪ್ರಮಾಣಪತ್ರ ಪಡೆಯಬೇಕು.

(ಈ) ಟೆಂಡರ್: ಕೆರೆ, ರಸ್ತೆ ಮುಂತಾದ ಕಾಮಗಾರಿಗಳ ವಿದ್ಯುನ್ಮಾನ ಟೆಂಡರ್‌ನಲ್ಲಿ ಭಾಗವಹಿಸುವ ಗುತ್ತಿಗೆದಾರರು ಸಂಬಂಧಪಟ್ಟ ಸಂಗ್ರಹಣಾ ಜಾಲತಾಣವು ಸೂಚಿಸುವ ಸಹಿ ತಂತ್ರಾಂಶವನ್ನೇ ಬಳಸಬೇಕು.

ಆಪ್ಲೆಟ್‌ನ ಬದಲಿಗೆ ಈಗ ಸಾಮಾನ್ಯವಾಗಿ ಬಳಕೆಯಲ್ಲಿರುವುದು ಗಣಕಯಂತ್ರದ ಹಿನ್ನೆಲೆಯಲ್ಲಿ ನಡೆಯುವ ಚಿಕ್ಕ ಸಹಿ ತಂತ್ರಾಂಶ. ಬ್ರೌಸರ್ ಅದರೊಡನೆ ಸಂಪರ್ಕ ಬೆಳೆಸಿ ಟೋಕನ್‌ನಿಂದ ಸಹಿ ಪಡೆಯುತ್ತದೆ. ಇದನ್ನು ಆಯಾ ಸೇವೆಯ ಅಧಿಕೃತ ಜಾಲತಾಣದಿಂದ ಮಾತ್ರ ಪಡೆಯಬೇಕು. ಮಲೆನಾಡಿನ ಮಳೆಗಾಲದಲ್ಲಿ ವಿದ್ಯುತ್ ಮತ್ತು ಸಂಪರ್ಕ ಕಡಿತ ಸಾಮಾನ್ಯವಾದ್ದರಿಂದ, ತಂತ್ರಾಂಶದ ಅಳವಡಿಕೆ ಹಾಗೂ ಪರೀಕ್ಷೆಯನ್ನು ಕೊನೆಯ ದಿನಾಂಕಕ್ಕೆ ಸಾಕಷ್ಟು ಮುಂಚಿತವಾಗಿ ಪೂರೈಸಿಕೊಳ್ಳುವುದು ಒಳಿತು.

9. ಸಾಮಾನ್ಯವಾಗಿ ಕೇಳಲಾಗುವ ಪ್ರಶ್ನೆಗಳು

ಪ್ರಶ್ನೆ: ಹಳೆಯ ಬ್ರೌಸರ್ ಅಳವಡಿಸಿ ಆಪ್ಲೆಟ್ ನಡೆಸಬಹುದೇ?
ಉತ್ತರ: ಅಂತರಜಾಲ ಸಂಪರ್ಕವಿರುವ ಹಾಗೂ ಬ್ಯಾಂಕ್ ವ್ಯವಹಾರಕ್ಕೆ ಬಳಸುವ ಗಣಕಯಂತ್ರದಲ್ಲಿ ಹಾಗೆ ಮಾಡಬಾರದು. ಹಳೆಯ ಬ್ರೌಸರ್‌ಗಳ ಭದ್ರತಾ ದೋಷಗಳಿಗೆ ಪರಿಹಾರ ದೊರೆಯುವುದಿಲ್ಲ.

ಪ್ರಶ್ನೆ: “ನಿಮ್ಮ ಜಾವಾ ಹಳೆಯದಾಗಿದೆ, ಇಲ್ಲಿ ಒತ್ತಿ” ಎಂದು ಜಾಲಪುಟವೊಂದು ತಿಳಿಸಿದರೆ?
ಉತ್ತರ: ಒತ್ತಬಾರದು. ಇಂದಿನ ಬ್ರೌಸರ್‌ಗಳು ಜಾವಾ ಪ್ಲಗಿನ್ ಬಳಸದ ಕಾರಣ ಇಂತಹ ಸಂದೇಶ ಸಂಶಯಾಸ್ಪದ.

ಪ್ರಶ್ನೆ: ಟೋಕನ್ ಮತ್ತು ಪಿನ್‌ಅನ್ನು ಸೈಬರ್ ಕೇಂದ್ರದಲ್ಲಿ ಕೊಟ್ಟು ಬರಬಹುದೇ?
ಉತ್ತರ: ಕೊಡಬಾರದು. ಗುಪ್ತ ಕೀಲಿಯು ತನ್ನ ಹತೋಟಿಯಲ್ಲಿರುವಂತೆ ನೋಡಿಕೊಳ್ಳುವುದು ಅಧಿನಿಯಮದ 42ನೇ ಪ್ರಕರಣದಂತೆ ಪ್ರಮಾಣಪತ್ರ ಪಡೆದವರ ಕರ್ತವ್ಯ. ಅರ್ಜಿದಾರರು ಖುದ್ದಾಗಿ ಹಾಜರಿದ್ದು ತಾವೇ ಪಿನ್ ನಮೂದಿಸಿ, ಕೆಲಸ ಮುಗಿದ ಕೂಡಲೇ ಟೋಕನ್ ಹಿಂಪಡೆಯಬೇಕು.

10. ಸೂಚನೆ

ಯಾವುದೇ ಸೇವೆಗೆ ಅರ್ಜಿ ಸಲ್ಲಿಸುವ ಮುನ್ನ ಕೈಯಲ್ಲಿರುವ ಸೂಚನಾ ಪತ್ರದ ದಿನಾಂಕವನ್ನು ಗಮನಿಸಿ, ಸಂಬಂಧಪಟ್ಟ ಅಧಿಕೃತ ಜಾಲತಾಣದಲ್ಲಿನ ಪ್ರಚಲಿತ ಸೂಚನೆಯೊಡನೆ ಹೋಲಿಸಿ ನೋಡುವುದು. ಎರಡರಲ್ಲಿ ವ್ಯತ್ಯಾಸ ಕಂಡುಬಂದಲ್ಲಿ ಪ್ರಚಲಿತ ಸೂಚನೆಯನ್ನೇ ಅನುಸರಿಸತಕ್ಕದ್ದು.