ಕುಂತಳನಗರದ ಕೊನೆಯ ಅಂಕ: ಚಂದ್ರಹಾಸ ಕಥಾನಕದಲ್ಲಿ ನ್ಯಾಯ ಮತ್ತು ಕರುಣೆ

1. ನೆಲೆ

ಸೊರಬ ತಾಲೂಕಿನ ಆನವಟ್ಟಿ ಬಳಿಯ ಕುಬಟೂರು ಕೈಟಭೇಶ್ವರ ದೇವಾಲಯಕ್ಕೆ ಹೆಸರಾದ ಊರು. ಚಂದ್ರಹಾಸನ ಕುಂತಳನಗರ ಇದೇ ಎಂಬ ಐತಿಹ್ಯವನ್ನು ಬಿ.ಎಲ್. ರೈಸ್ ತಮ್ಮ ಮೈಸೂರು ಗೆಜೆಟಿಯರಿನಲ್ಲಿ ದಾಖಲಿಸಿದ್ದಾರೆ. ಐತಿಹ್ಯವನ್ನು ಇತಿಹಾಸವೆಂದು ಎಣಿಸಬೇಕಿಲ್ಲ. ಆದರೂ ಕಥೆ ತನ್ನೂರಿನದೆಂದು ನಂಬಿದ ಪ್ರೇಕ್ಷಕನಿಗೆ ಅದರ ಕೊನೆ ಪಕ್ಕದ ಮನೆಯ ವ್ಯಾಜ್ಯದ ತೀರ್ಮಾನದಷ್ಟೇ ಹತ್ತಿರದ್ದು. ಲಕ್ಷ್ಮೀಶನ ಜೈಮಿನಿ ಭಾರತದಿಂದ ನಾಡಿಗೆಲ್ಲ ಪರಿಚಿತವಾದ ಈ ಕಥೆ ಯಕ್ಷಗಾನದಲ್ಲಿ, ಕಂಪನಿ ನಾಟಕಗಳಲ್ಲಿ ಮತ್ತೆ ಮತ್ತೆ ರಂಗಕ್ಕೆ ಬಂದಿದೆ. ಕುವೆಂಪು ಅವರೂ ಇದನ್ನು ನಾಟಕವಾಗಿಸಿದರು. ಪ್ರಸ್ತುತ ಲೇಖನ ಜೈಮಿನಿ ಭಾರತದ ಕಥಾಕ್ರಮವನ್ನು ಅನುಸರಿಸಿ, ಅಂತಿಮ ಘಟ್ಟದಲ್ಲಿ ನ್ಯಾಯಕ್ಕೂ ಕರುಣೆಗೂ ಇರುವ ಸಂಬಂಧವನ್ನು ಪರಿಶೀಲಿಸುತ್ತದೆ.

2. ಗುರಿ ತಪ್ಪಿದ ದಂಡ

ಕುಂತಳನಗರದ ಮಂತ್ರಿ ದುಷ್ಟಬುದ್ಧಿ ಅನಾಥ ಚಂದ್ರಹಾಸನನ್ನು ಕೊಲ್ಲಿಸಲು ಮೂರು ಸಲ ಹವಣಿಸುತ್ತಾನೆ. ಮೊದಲ ಸಲ ಕಾಡಿಗೆ ಒಯ್ದ ಕೊಲೆಗಾರರೇ ಮರುಗಿ, ಮಗುವಿನ ಆರನೆಯ ಕಾಲ್ಬೆರಳನ್ನು ಮಾತ್ರ ಕತ್ತರಿಸಿ ಗುರುತಿಗೆ ಒಯ್ಯುತ್ತಾರೆ. ಎರಡನೆಯ ಸಲ ಮಗ ಮದನನಿಗೆ ಬರೆದ ಓಲೆಯಲ್ಲಿ ‘ವಿಷ’ ಇದ್ದಲ್ಲಿ ಮಗಳು ತನ್ನ ಹೆಸರಾದ ‘ವಿಷಯೆ’ ಎಂದು ತಿದ್ದುತ್ತಾಳೆ. ಸಾವಿನ ಓಲೆ ಮದುವೆಯ ಓಲೆಯಾಗುತ್ತದೆ. ಮೂರನೆಯ ಸಲ ಚಂದ್ರಹಾಸ ಪೂಜೆಗೆ ಬರಬೇಕಾದ ಚಂಡಿಕೆಯ ಗುಡಿಯಲ್ಲಿ ಕೊಲೆಗಾರರು ಹೊಂಚು ಹಾಕಿರುತ್ತಾರೆ. ಚಂದ್ರಹಾಸನನ್ನು ಅರಸನ ಬಳಿಗೆ ಕಳುಹಿಸಿ, ಪೂಜೆಯ ಸಾಮಗ್ರಿ ಹಿಡಿದು ತಾನೇ ಗುಡಿಗೆ ನಡೆದ ಮದನ ಅವರ ಕತ್ತಿಗೆ ಬಲಿಯಾಗುತ್ತಾನೆ. ಮಗನ ಹೆಣ ಕಂಡ ದುಷ್ಟಬುದ್ಧಿ ಅಲ್ಲೇ ತಲೆ ಚಚ್ಚಿಕೊಂಡು ಸಾಯುತ್ತಾನೆ.

ಮಾಡಿದ್ದುಣ್ಣೋ ಮಹರಾಯ ಎಂಬ ಗಾದೆಗೆ ಇಷ್ಟು ಸಾಕಿತ್ತು. ಆದರೆ ಲೆಕ್ಕ ಇಲ್ಲಿ ಸರಿಹೋಗುವುದಿಲ್ಲ. ತಂದೆಯ ಪಾಪಕ್ಕೆ ಮೊದಲು ತಲೆ ತೆತ್ತವನು ಏನೂ ಅರಿಯದ ಮಗ. ಸಭೆ, ಸಾಕ್ಷಿ, ತೀರ್ಪು ಯಾವುದೂ ಇಲ್ಲದ ಈ ಕಥೆಯಲ್ಲಿ ಅಪರಾಧಿಯೇ ತನಗೆ ದಂಡ ವಿಧಿಸಿಕೊಂಡಿದ್ದಾನೆ. ಆ ದಂಡವೂ ಮದನನನ್ನು ಮರಳಿ ತರಲಾರದು.

3. ಬೇಡಿದ ಎರಡನೆಯ ಜೀವ

ವಿಷಯ ತಿಳಿದು ಗುಡಿಗೆ ಬಂದ ಚಂದ್ರಹಾಸ ತನ್ನ ಕೊರಳಿಗೇ ಕತ್ತಿ ಎತ್ತುತ್ತಾನೆ. ಪ್ರತ್ಯಕ್ಷಳಾದ ದೇವಿಯಲ್ಲಿ ಮದನನ ಜೊತೆಗೆ ದುಷ್ಟಬುದ್ಧಿಯ ಜೀವವನ್ನೂ ಬೇಡುತ್ತಾನೆ. ಆಟ ಮಂಗಳದಲ್ಲಿ ಮುಗಿಯಬೇಕೆಂಬ ಕಟ್ಟಳೆಯಿಂದ ಈ ಪುನರ್ಜೀವನ ಬಂದಿದೆ ಎನ್ನಬಹುದು. ಆದರೆ ಮಂಗಳಕ್ಕೆ ಮದನನೊಬ್ಬ ಎದ್ದರೆ ಸಾಕಿತ್ತು. ದುಷ್ಟಬುದ್ಧಿಯೂ ಏಳಬೇಕೆಂಬುದು ಸಂಪ್ರದಾಯ ಕೇಳದ, ಚಂದ್ರಹಾಸ ಮಾತ್ರ ಕೇಳಿದ ವರ. ಆ ವರಕ್ಕೆ ಮುನ್ನ ಅವನು ಒಡ್ಡಿದ್ದು ತನ್ನದೇ ತಲೆ.

ಷೇಕ್ಸ್‌ಪಿಯರನ ‘ವೆನಿಸಿನ ವರ್ತಕ’ದೊಡನೆ ಹೋಲಿಸಿದರೆ ಇದರ ತೂಕ ತಿಳಿಯುತ್ತದೆ. ಅಲ್ಲಿಯೂ ಹೆಣ್ಣೊಬ್ಬಳ ಓದು ಪತ್ರದ ಅರ್ಥವನ್ನು ತಿರುಗಿಸಿ ಜೀವ ಉಳಿಸುತ್ತದೆ. ಪೋರ್ಷಿಯಾ ಕರುಣೆಯನ್ನು ಕೊಂಡಾಡಿ, ಗೆಲ್ಲುವುದು ಮಾತ್ರ ಕರಾರಿನ ಅಕ್ಷರವನ್ನು ಹಿಡಿದು. ಕರಾರಿನ ಮೇಲೆ ವಾದ ಹೂಡಿದ ಶೈಲಾಕನ ಜೀವ ಉಳಿಯುತ್ತದೆ, ಮತ ಉಳಿಯುವುದಿಲ್ಲ. ಕರುಣೆ ತೋರಿದವರು ತಮ್ಮದೇನನ್ನೂ ತೆರುವುದಿಲ್ಲ. ವಿಚಾರಣೆ ನಾಲ್ಕನೆಯ ಅಂಕಕ್ಕೇ ಮುಗಿದು, ಐದನೆಯದರ ಬೆಳದಿಂಗಳಲ್ಲಿ ಸೋತವನಿಗೆ ಜಾಗವೇ ಇಲ್ಲ. ಕುಂತಳನಗರದ ಕೊನೆಯ ದೃಶ್ಯದಲ್ಲಾದರೋ ಅಪರಾಧಿ ಎದ್ದು, ತಾನು ಕೊಲ್ಲಿಸಹೊರಟವನ ಮುಖ ನೋಡಬೇಕಾಗುತ್ತದೆ.

4. ಅಭಯದ ಸ್ಥಾನ

ಈ ಕರುಣೆಯ ಮೂಲ ಅರಮನೆಯಲ್ಲಿಲ್ಲ. ಕಾಡಿನಲ್ಲಿ ಅರಸನ ಮಂತ್ರಿಯ ಆಜ್ಞೆಯನ್ನು ಮೀರಿದ ಕೊಲೆಗಾರರು ಅದನ್ನು ಮೊದಲು ತೋರಿದರು. ಗುಡಿಯಲ್ಲಿ ಚಂದ್ರಹಾಸ ತೀರಿಸುವುದು ಆ ಹಳೆಯ ಋಣವನ್ನು. ಅವರು ಒಂದು ಬೆರಳಿಗೆ ನಿಲ್ಲಿಸಿದ ಕತ್ತಿಯನ್ನು ದೇವಿ ಅವನ ಕೊರಳ ಬಳಿ ನಿಲ್ಲಿಸುತ್ತಾಳೆ.

ಇಂಥ ಕಲ್ಪನೆಗೆ ಈ ಸೀಮೆಯಲ್ಲಿ ಶಾಸನದ ನೆರೆಯೂ ಇದೆ. ಶಿಕಾರಿಪುರ ತಾಲೂಕಿನ ಬಳ್ಳಿಗಾವೆಯ ಕೋಡಿಯ ಮಠವನ್ನು ವರ್ಣಿಸುವ 1162ರ ಶಾಸನ, ವ್ಯಾಕರಣ, ದರ್ಶನಗಳೊಡನೆ ಕಾವ್ಯ ನಾಟಕಗಳ ವ್ಯಾಸಂಗವನ್ನೂ ಹೇಳುತ್ತದೆ. ಕುರುಡರು, ಕುಂಟರು, ಗಾಯಕರು, ನರ್ತಕರಿಗೆ ಅನ್ನ, ರೋಗಿಗಳಿಗೆ ಮದ್ದು, ಸಕಲ ಜೀವಿಗಳಿಗೆ ಅಭಯ ಅಲ್ಲಿ ದೊರೆಯುತ್ತಿತ್ತೆನ್ನುತ್ತದೆ. ರೈಸ್ ಅವರ ಎಪಿಗ್ರಾಫಿಯಾ ಕರ್ನಾಟಿಕಾದ 7ನೆಯ ಸಂಪುಟ (1902) ಶಿಕಾರಿಪುರದ, 8ನೆಯದು (1904) ಸೊರಬದ ಶಾಸನಗಳನ್ನು ಒಳಗೊಂಡಿವೆ. ಮಠದ ಶಾಸನಕ್ಕೂ ಚಂದ್ರಹಾಸನ ಕಥೆಗೂ ನೇರ ನಂಟು ಕಲ್ಪಿಸುವುದು ಈ ಲೇಖನದ ಉದ್ದೇಶವಲ್ಲ. ಆದರೆ ಎರಡರಲ್ಲೂ ಅಭಯ ಪಡೆಯುವವನ ಯೋಗ್ಯತೆಯನ್ನು ಯಾರೂ ವಿಚಾರಿಸುವುದಿಲ್ಲ. ಮಠ ಅದಕ್ಕಾಗಿ ತನ್ನ ಕಣಜ ತೆರೆಯಿತು, ಚಂದ್ರಹಾಸ ಕೊರಳೊಡ್ಡಿದ. ಯಾರದೋ ಖರ್ಚಿನಲ್ಲಿ ತೋರಿದ ಕರುಣೆಯಿಂದ ಈ ಅಂಕ ಮುಗಿಯುತ್ತಿರಲಿಲ್ಲ.