ಹೈಡ್ರಾಲಿಕ್ ಪೈಪ್ ಲೀಕನ್ನು ಕೈಯಿಂದ ಮುಟ್ಟಿ ನೋಡಿದರೆ ಬೆರಳೇ ಹೋಗುತ್ತದೆಯೇ?

ತೋರುಬೆರಳಿನ ತುದಿಯಲ್ಲಿ ಗುಂಡುಸೂಜಿ ಚುಚ್ಚಿದಷ್ಟು ಸಣ್ಣ ರಂಧ್ರ. ಪಕ್ಕದ ಚಿತ್ರದಲ್ಲಿ ಅದೇ ಬೆರಳನ್ನು ಅಂಗೈವರೆಗೂ ಸೀಳಿ ತೆರೆದಿಟ್ಟಿದ್ದಾರೆ. ಕೆಳಗೆ, "ಹೈಡ್ರಾಲಿಕ್ ಎಣ್ಣೆ ವಿಷ, ಒಂದು ಹನಿ ಚರ್ಮಕ್ಕೆ ತಾಗಿದರೂ ಕೈ ಕತ್ತರಿಸಬೇಕು, ಎಲ್ಲರಿಗೂ ಕಳುಹಿಸಿ" ಎಂಬ ಸಾಲು. ಇಂಥ ಫಾರ್ವರ್ಡ್ ನಮ್ಮ ಕುಟುಂಬದ ಗ್ರೂಪಿಗೂ ಬಂತು. ಬಂದರಿನಲ್ಲಿ ಮೆಕ್ಯಾನಿಕ್ ಆಗಿರುವ ಸಂಬಂಧಿಕರೊಬ್ಬರು ಕೂಡಲೇ ಉತ್ತರ ಬರೆದರು: "ನಾವು ದಿನಾ ಅದರಲ್ಲೇ ಕೈ ಅದ್ದುವುದು ಮಾರಾಯ್ರೆ, ಏನೂ ಆಗಿಲ್ಲ."

ಇಬ್ಬರದ್ದೂ ಅರ್ಧ ಸರಿ, ಅರ್ಧ ತಪ್ಪು. ಎಣ್ಣೆ ಚರ್ಮದ ಮೇಲೆ ಚೆಲ್ಲಿದರೆ ಕೈ ಕತ್ತರಿಸುವ ಪ್ರಶ್ನೆಯೇ ಇಲ್ಲ. ಸೋಪು ಹಾಕಿ ತೊಳೆದರೆ ಸಾಕು. ವರ್ಷಗಟ್ಟಲೆ ಹಚ್ಚಿಕೊಂಡೇ ಇದ್ದರೆ ಚರ್ಮ ಒಡೆದು ತುರಿಕೆ ಬರಬಹುದು, ಅಷ್ಟೆ. ಆದರೆ ಅದೇ ಎಣ್ಣೆ ಒತ್ತಡದಲ್ಲಿ ಚಿಮ್ಮಿ ಚರ್ಮದ ಒಳಗೆ ಹೊಕ್ಕರೆ ಬೆರಳು ಹೋಗುವುದು ನಿಜ. ಚಿತ್ರ ಸುಳ್ಳಲ್ಲ, ಅದರ ಕೆಳಗಿನ ಸಾಲು ಸುಳ್ಳು.

ಎಷ್ಟು ಒತ್ತಡ?

ಟೈರಿಗೆ ಗಾಳಿ ಹಾಕಿಸುವಾಗ 30, 35 ಎಂದು ಹೇಳುತ್ತೀರಲ್ಲ, ಆ ಲೆಕ್ಕವೇ ಪಿಎಸ್‌ಐ (ಪೊಲೀಸ್ ಠಾಣೆಯವರಲ್ಲ!). ಹತ್ತು ಮೀಟರ್ ಎತ್ತರದ ಟ್ಯಾಂಕಿನಿಂದ ಮನೆಯ ನಲ್ಲಿಗೆ ಬರುವ ನೀರಿನ ಒತ್ತಡ ಸುಮಾರು 14 ಪಿಎಸ್‌ಐ. ಹತ್ತಿರದಿಂದ ಚಿಮ್ಮುವ ಸಣ್ಣ ಧಾರೆ ಚರ್ಮವನ್ನು ತೂರಲು 100 ಪಿಎಸ್‌ಐ ಸುತ್ತಮುತ್ತ ಸಾಕು ಎನ್ನುತ್ತಾರೆ.

ಈಗ ಬಂದರಿನ ಯಂತ್ರ ನೋಡಿ. ಉದ್ದ ಬೂಮ್ ಚಾಚಿ, ಕಂಟೇನರನ್ನು ಮೇಲಿನಿಂದ ಹಿಡಿದೆತ್ತಿ ಒಂದರ ಮೇಲೊಂದು ಪೇರಿಸುವ ವಾಹನಕ್ಕೆ ರೀಚ್ ಸ್ಟ್ಯಾಕರ್ ಎನ್ನುತ್ತಾರೆ. ದೊಡ್ಡವು 45 ಟನ್‌ವರೆಗೂ ಎತ್ತುತ್ತವೆ. ಬೂಮನ್ನು ಎತ್ತುವುದು ಹೈಡ್ರಾಲಿಕ್ ಸಿಲಿಂಡರ್, ಸಿಲಿಂಡರನ್ನು ತಳ್ಳುವುದು ಎಣ್ಣೆ. ಇಂಥ ಭಾರೀ ಯಂತ್ರಗಳ ಹೋಸ್‌ಗಳಲ್ಲಿ 3,000ದಿಂದ 5,000 ಪಿಎಸ್‌ಐ ಒತ್ತಡ ಸಾಮಾನ್ಯ. 3,000ದ ಒತ್ತಡದಲ್ಲಿ ಸೂಜಿಮೊನೆಯಷ್ಟು ತೂತಿನಿಂದ ಹೊರಬರುವ ಎಣ್ಣೆಯ ವೇಗ ಲೆಕ್ಕ ಹಾಕಿದರೆ ಸೆಕೆಂಡಿಗೆ ಸುಮಾರು 200 ಮೀಟರ್, ಅಂದರೆ ಗಂಟೆಗೆ 700 ಕಿ.ಮೀ. ಮೀರುತ್ತದೆ. ವೈದ್ಯರು ಬಳಸುವ ಸೂಜಿಯನ್ನಾದರೂ ಕೈಯಿಂದ ಒತ್ತಬೇಕು. ಇಲ್ಲಿ ಸೂಜಿಯೇ ಬೇಕಿಲ್ಲ.

ಇಂಥ ಧಾರೆ ಕಣ್ಣಿಗೆ ಸರಿಯಾಗಿ ಕಾಣುವುದೂ ಇಲ್ಲ. ಹೆಚ್ಚೆಂದರೆ ಮಂಜಿನಂತೆ ತೆಳುವಾಗಿ ಹರಡುತ್ತದೆ. ಹಾಗಾಗಿಯೇ ಕೈ ಮುಂದೆ ಹೋಗುವುದು.

ಬಂದರಿನಲ್ಲೇ ಯಾಕೆ ಹೆಚ್ಚು ಎಚ್ಚರ?

ಕರಾವಳಿಯಲ್ಲಿ ಮನೆಯ ಗೇಟಿಗೆ ಪದೇ ಪದೇ ಬಣ್ಣ ಬಳಿಯುವವರಿಗೆ ಇದನ್ನು ವಿವರಿಸಬೇಕಿಲ್ಲ. ಹೈಡ್ರಾಲಿಕ್ ಹೋಸ್ ಬರೀ ರಬ್ಬರ್ ಅಲ್ಲ. ಒಳಗೊಂದು ರಬ್ಬರ್ ನಳಿಗೆ, ಅದರ ಸುತ್ತ ಜಡೆಯಂತೆ ಹೆಣೆದ ಅಥವಾ ಸುರುಳಿ ಸುತ್ತಿದ ಉಕ್ಕಿನ ತಂತಿ, ಹೊರಗೆ ಮತ್ತೊಂದು ರಬ್ಬರ್ ಪದರ. ಒತ್ತಡವನ್ನು ತಡೆಯುವುದು ನಡುವಿನ ತಂತಿ. ಹೋಸ್ ಪಕ್ಕದ ಕಬ್ಬಿಣಕ್ಕೆ ಉಜ್ಜಿ ಉಜ್ಜಿ ಹೊರಪದರ ಸವೆದರೆ ಉಪ್ಪಿನ ತೇವ ತಂತಿಗೆ ತಲುಪುತ್ತದೆ, ತಂತಿ ತುಕ್ಕು ಹಿಡಿಯುತ್ತದೆ. 1974ರಿಂದ ಪ್ರಮುಖ ಬಂದರಾಗಿರುವ ಪಣಂಬೂರಿನ ನವಮಂಗಳೂರು ಬಂದರಿನಂಥ ಕಡೆ ವರ್ಷವಿಡೀ ಸಮುದ್ರದ ಗಾಳಿ, ನಾಲ್ಕು ತಿಂಗಳು ಜಡಿಮಳೆ, ಉಳಿದಂತೆ ಬಿಸಿಲು. ಹೊರಗಿನಿಂದ ಗಟ್ಟಿಯಾಗಿ ಕಾಣುವ ಹೋಸ್ ಒಳಗೊಳಗೇ ಸೋತಿರುತ್ತದೆ. ಮೊದಲು ಹುಟ್ಟುವುದು ಸೂಜಿತೂತು. ಹೋಸ್ ಸಿಡಿಯುವುದು ಆಮೇಲೆ.

ಮೆಕ್ಯಾನಿಕ್‌ಗಳು ಕೈ ಹಾಕುವುದು ದಡ್ಡತನದಿಂದಲ್ಲ. ಹಡಗು ಬರ್ತ್‌ನಲ್ಲಿ ನಿಂತಷ್ಟೂ ಖರ್ಚು, ಯಂತ್ರ ಬೇಗ ಏಳಬೇಕೆಂದು ಮೇಲಿಂದ ಮೇಲೆ ಫೋನ್. ರಾತ್ರಿ ಪಾಳಿ, ಟಾರ್ಚ್ ಬೆಳಕು, ಎಂಜಿನ್ ಗದ್ದಲ. ಹೋಸ್‌ಗಳ ಮೇಲೆಲ್ಲ ಹಳೆಯ ಎಣ್ಣೆ, ಧೂಳು ಮೆತ್ತಿದ್ದು, ಹೊಸ ಸೋರಿಕೆ ಎಲ್ಲೆಂದು ತಿಳಿಯುವುದಿಲ್ಲ. ಕಾಟನ್ ವೇಸ್ಟ್ ಹಿಡಿದು ಒರೆಸುತ್ತಾ ಬೆರಳಿನಿಂದ ಹುಡುಕುವುದನ್ನು ಹಿರಿಯರೇ ಕಲಿಸಿರುತ್ತಾರೆ. ನೂರು ಸಲ ಏನೂ ಆಗದಿರುವುದೂ ನಿಜ. ಹೆಚ್ಚಿನ ಸೋರಿಕೆಗಳು ಸಡಿಲವಾದ ಫಿಟ್ಟಿಂಗ್‌ನಿಂದಲೋ ಹಳೆಯ ಸೀಲ್‌ನಿಂದಲೋ ತೊಟ್ಟಿಕ್ಕುವಂಥವು. ಯಾವುದು ತೊಟ್ಟಿಕ್ಕುವುದು, ಯಾವುದು ಚಿಮ್ಮುವುದು ಎಂದು ಮುಟ್ಟುವ ಮೊದಲು ಗೊತ್ತಾಗುವುದಿಲ್ಲ ಎಂಬುದೇ ಸಮಸ್ಯೆ.

"ಎಂಜಿನ್ ಆಫ್ ಮಾಡಿದ್ದೆ", "ಗ್ಲೌಸ್ ಹಾಕಿದ್ದೆ" ಎಂಬ ಎರಡು ಸಮಾಧಾನಗಳೂ ನಿಲ್ಲುವುದಿಲ್ಲ. ಬೂಮ್ ಮೇಲೆತ್ತಿದ ಸ್ಥಿತಿಯಲ್ಲೇ ಇದ್ದರೆ ಅದರ ಪೂರ್ತಿ ಭಾರ ಸಿಲಿಂಡರಿನೊಳಗಿನ ಎಣ್ಣೆಯ ಮೇಲಿರುತ್ತದೆ. ಕೆಲವು ಯಂತ್ರಗಳಲ್ಲಿ ನೈಟ್ರೋಜನ್ ತುಂಬಿದ ಅಕ್ಯುಮುಲೇಟರ್ ಎಂಬ ಉರುಳೆ ಎಂಜಿನ್ ನಿಂತ ಮೇಲೂ ಒತ್ತಡ ಹಿಡಿದಿಟ್ಟಿರುತ್ತದೆ. ಇನ್ನು ಚರ್ಮವನ್ನು ತೂರುವ ಧಾರೆ ಸಾಮಾನ್ಯ ಕೈಗವಸನ್ನೂ ತೂರುತ್ತದೆ. ಸರಿಯಾದ ಕ್ರಮ ಅಗ್ಗದ್ದೇ: ಕಣ್ಣಿಗೆ ಕನ್ನಡಕ ಹಾಕಿ, ರಟ್ಟಿನ ಅಥವಾ ಮರದ ಉದ್ದ ತುಂಡನ್ನು ಹೋಸ್ ಬಳಿ ಆಡಿಸಿದರೆ ಎಣ್ಣೆಯ ಗುರುತು ಅದರ ಮೇಲೆ ಬೀಳುತ್ತದೆ. ಬಿಚ್ಚುವ ಮೊದಲು ಬೂಮನ್ನು ಕೆಳಗಿಳಿಸಿ, ಎಂಜಿನ್ ನಿಲ್ಲಿಸಿ, ಕೀ ತೆಗೆದು ಜೇಬಿಗೆ ಹಾಕಿಕೊಂಡು, ತಯಾರಕರ ಕೈಪಿಡಿಯಲ್ಲಿ ಹೇಳಿದಂತೆ ಉಳಿದ ಒತ್ತಡವನ್ನು ಬಿಡಬೇಕು.

ನೋವಿಲ್ಲದ ಗಾಯ

ಇದರಲ್ಲಿ ಅತಿ ಕೆಟ್ಟ ಸಂಗತಿ ಮೊದಲ ಗಂಟೆ. ಇರುವೆ ಕಚ್ಚಿದಂತಾಗುತ್ತದೆ, ಸ್ವಲ್ಪ ಜೋಮು, ರಕ್ತವೂ ಸರಿಯಾಗಿ ಬರುವುದಿಲ್ಲ. ಅರಿಸಿನವನ್ನೋ ಕಾಫಿಪುಡಿಯನ್ನೋ ಒತ್ತಿ ಕೆಲಸ ಮುಂದುವರಿಸುತ್ತಾರೆ. ಒಳಗೆ ನಡೆಯುವುದೇ ಬೇರೆ. ಬೆರಳನ್ನು ಮಡಚುವ ಬಿಳಿ ಹುರಿಯ ಸುತ್ತ ಕೊಳವೆಯಂಥ ಕವಚವಿದೆ. ಎಣ್ಣೆ ಅದರ ಉದ್ದಕ್ಕೂ ಹರಿದು ಅಂಗೈಗೆ, ಕೆಲವೊಮ್ಮೆ ಮುಂಗೈವರೆಗೂ ಹೋಗುತ್ತದೆ. ಬೆರಳಿನೊಳಗೆ ಹಿಗ್ಗಲು ಜಾಗವೇ ಇಲ್ಲ. ಊತ ಬಂದಂತೆ ರಕ್ತನಾಳಗಳು ಅಮುಕಿಹೋಗಿ ರಕ್ತ ನಿಲ್ಲುತ್ತದೆ, ಎಣ್ಣೆಯ ರಾಸಾಯನಿಕಗಳು ಮಾಂಸವನ್ನು ಸುಡುತ್ತವೆ, ಮೇಲೆ ಸೋಂಕು. ಗಂಟೆಗಳ ನಂತರ ನೋವು ಶುರುವಾಗುವ ಹೊತ್ತಿಗೆ ಅಂಗಾಂಶ ಸಾಯತೊಡಗಿರುತ್ತದೆ.

ಹೀಗೆ ಡೀಸೆಲ್ ಎಂಜಿನ್ನಿನ ಇಂಧನ ದೇಹದೊಳಗೆ ಹೊಕ್ಕ ಪ್ರಕರಣ ವೈದ್ಯಕೀಯ ಪತ್ರಿಕೆಯಲ್ಲಿ ವರದಿಯಾದದ್ದು 1937ರಲ್ಲೇ. 2006ರಲ್ಲಿ ಪ್ರಕಟವಾದ ಒಂದು ವಿಮರ್ಶೆ ಕೈ-ತೋಳುಗಳ ಇಂಥ 435 ಪ್ರಕರಣಗಳನ್ನು ಒಟ್ಟುಗೂಡಿಸಿ ನೋಡಿತು. ಶೇ. 30ರಷ್ಟು ಪ್ರಕರಣಗಳಲ್ಲಿ ಅಂಗ ಕತ್ತರಿಸಬೇಕಾಗಿತ್ತು. ಪೇಂಟ್, ಥಿನ್ನರ್‌ನಂಥ ದ್ರಾವಕಗಳು ಗ್ರೀಸ್, ಎಣ್ಣೆಗಿಂತ ಹೆಚ್ಚು ಅಪಾಯಕಾರಿ, ಮತ್ತು ಅಂಥ ಗಾಯಗಳಲ್ಲಿ ಆರು ಗಂಟೆಯೊಳಗೆ ಶಸ್ತ್ರಕ್ರಿಯೆಯಾದವರ ಬೆರಳು ಉಳಿಯುವ ಸಾಧ್ಯತೆ ಹೆಚ್ಚು ಎಂದೂ ಅದು ಕಂಡುಕೊಂಡಿತು. ರಾತ್ರಿ ಒಂದಕ್ಕೆ ಚುಚ್ಚಿತು, ಪಾಳಿ ಮುಗಿಸಿ ಮನೆಗೆ ಹೋಗಿ ಮಲಗಿ ಎದ್ದು ನೋಡುವಾಗ ಮಧ್ಯಾಹ್ನ. ಆರು ಗಂಟೆ ಎಂದೋ ಕಳೆದಿರುತ್ತದೆ. ಫಾರ್ವರ್ಡ್‌ನಲ್ಲಿ ಸೀಳಿದ ಬೆರಳು ಕಾಣುತ್ತದಲ್ಲ, ಅದು ಎಣ್ಣೆ ಮಾಡಿದ ಗಾಯವಲ್ಲ. ಒಳಗಿನ ಎಣ್ಣೆ ಮತ್ತು ಸತ್ತ ಭಾಗವನ್ನು ತೆಗೆಯಲು ಶಸ್ತ್ರವೈದ್ಯರು ತೆರೆದದ್ದು. ಬೆರಳನ್ನು ಉಳಿಸುವ ದಾರಿಯೇ ಅದು.

ಬಂದರಿನಾಚೆಗೂ ಇದೇ ಅಪಾಯವಿದೆ. ಜೆಸಿಬಿ, ಟ್ರ್ಯಾಕ್ಟರಿನ ಹೈಡ್ರಾಲಿಕ್ಸ್, ಗ್ರೀಸ್ ಗನ್, ಗೋಡೆಗೆ ಬಣ್ಣ ಹೊಡೆಯುವ ಏರ್‌ಲೆಸ್ ಸ್ಪ್ರೇ, ಕಾಮನ್ ರೈಲ್ ಡೀಸೆಲ್ ಎಂಜಿನ್ನಿನ ಇಂಜೆಕ್ಟರ್ ಪೈಪ್ (ಇಲ್ಲಿ 20,000 ಪಿಎಸ್‌ಐ ಮೀರುತ್ತದೆ). ಮನೆಯಲ್ಲಿ ಕಾರು ತೊಳೆಯಲು ಆನ್‌ಲೈನ್‌ನಲ್ಲಿ ತರಿಸುವ ಪ್ರೆಶರ್ ವಾಷರ್ ಕೂಡ ಸಾವಿರ ಪಿಎಸ್‌ಐ ದಾಟುತ್ತದೆ. ಮಕ್ಕಳು ಅದನ್ನು ಪರಸ್ಪರ ಹಿಡಿದು ಆಡುವ ವಸ್ತುವಲ್ಲ.

ಚುಚ್ಚಿದರೆ ಏನು ಮಾಡಬೇಕು?

ನೋವಿಲ್ಲದಿದ್ದರೂ ಕೆಲಸ ನಿಲ್ಲಿಸಿ. ಉಂಗುರ, ವಾಚು ತೆಗೆಯಿರಿ, ಊದಿದ ಮೇಲೆ ಬರುವುದಿಲ್ಲ. ರಂಧ್ರವನ್ನು ಹಿಂಡಬೇಡಿ, ಬಿಗಿಯಾಗಿ ಕಟ್ಟಬೇಡಿ, ಕೈಯನ್ನು ಎದೆಯ ಮಟ್ಟಕ್ಕಿಂತ ಮೇಲಿಡಿ. ಶಸ್ತ್ರಕ್ರಿಯೆ ಬೇಕಾಗಬಹುದು, ಆದ್ದರಿಂದ ಏನೂ ತಿನ್ನಬೇಡಿ. ಎಣ್ಣೆಯ ಡಬ್ಬದ ಲೇಬಲ್‌ನ ಫೋಟೊ ತೆಗೆದುಕೊಂಡು, ಕೈಯ ಶಸ್ತ್ರಚಿಕಿತ್ಸೆ ಅಥವಾ ಪ್ಲಾಸ್ಟಿಕ್ ಸರ್ಜರಿ ಇರುವ ದೊಡ್ಡ ಆಸ್ಪತ್ರೆಗೆ ಹೋಗಿ. ಅಲ್ಲಿ "ಕೈಗೆ ಚುಚ್ಚಿದೆ" ಎಂದರೆ ಟಿಟಿ ಇಂಜೆಕ್ಷನ್ ಕೊಟ್ಟು ಕಳಿಸಿಬಿಡಬಹುದು. "ಹೈ ಪ್ರೆಶರ್ ಇಂಜೆಕ್ಷನ್ ಇಂಜುರಿ, ಹೈಡ್ರಾಲಿಕ್ ಎಣ್ಣೆ ಒಳಗೆ ಹೋಗಿದೆ, ಇಷ್ಟು ಗಂಟೆಗೆ" ಎಂದೇ ಹೇಳಿ.

ಗುತ್ತಿಗೆಯಲ್ಲಿ ದುಡಿಯುವವರಿಗೆ ಇನ್ನೊಂದು ಮಾತು. 2025ರವರೆಗೆ ಜಾರಿಯಲ್ಲಿದ್ದ 1923ರ ನೌಕರರ ಪರಿಹಾರ ಕಾಯ್ದೆಯ ಪಟ್ಟಿಯಲ್ಲಿ ಇಡೀ ತೋರುಬೆರಳು ಹೋದರೆ ದುಡಿಯುವ ಶಕ್ತಿಯ ನಷ್ಟ ಶೇ. 14 ಎಂದಿತ್ತು, ಹೆಬ್ಬೆರಳಿಗೆ ಶೇ. 30. ಬೋಲ್ಟ್ ತಿರುಗಿಸಿ ಬದುಕುವವನಿಗೆ ಈ ಲೆಕ್ಕ ಕಡಿಮೆಯೆಂದೇ ನನಗನಿಸುತ್ತದೆ. ಪರಿಹಾರ ಪಡೆಯಲೂ ಗಾಯ ಕೆಲಸದಲ್ಲೇ ಆದದ್ದೆಂದು ತೋರಿಸಬೇಕು, ಆದರೆ ಊತ ಬಂದ ಮೇಲೆ ಆ ಸೂಜಿತೂತು ಹುಡುಕಿದರೂ ಸಿಗದಿರಬಹುದು. ಗಾಡಿ ಹತ್ತುವ ಮುನ್ನ ರಂಧ್ರದ ಒಂದು ಫೋಟೊ ತೆಗೆದು ಸೂಪರ್‌ವೈಸರ್‌ಗೆ ವಾಟ್ಸಾಪ್ ಮಾಡಿ, ಸಮಯ ಅದರಲ್ಲೇ ದಾಖಲಾಗುತ್ತದೆ. ಅಪಘಾತದ ರಿಜಿಸ್ಟರ್‌ನಲ್ಲಿ ಬರೆಸುವ ಕೆಲಸವನ್ನು ಜೊತೆಗಿರುವವರಿಗೆ ಬಿಟ್ಟು ನೀವು ಹೊರಡಿ.