ರಸಾಯನದ ಮೇಷ್ಟರು ತಯಾರಾಗುವ ಬಗೆ

ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣ ಇವುಗಳಲ್ಲಿ ಯಾವ ಊರಿನ ಸರ್ಕಾರಿ ಪ್ರೌಢಶಾಲೆಗೆ ಹೋಗಿ ರಸಾಯನಶಾಸ್ತ್ರದ ಮೇಷ್ಟರು ಯಾರೆಂದು ಕೇಳಿದರೂ ಖಚಿತ ಉತ್ತರ ಸಿಗುವುದು ಕಷ್ಟ. ಪ್ರೌಢಶಾಲೆಯಲ್ಲಿರುವುದು ಪಿ.ಸಿ.ಎಂ. ಮತ್ತು ಸಿ.ಬಿ.ಝಡ್. ಎಂಬ ಹುದ್ದೆಗಳು. ಮೊದಲನೆಯವರು ರಸಾಯನಶಾಸ್ತ್ರವನ್ನು ಭೌತಶಾಸ್ತ್ರ, ಗಣಿತಗಳ ಜೊತೆಗೆ ಓದಿದವರು. ಎರಡನೆಯವರು ಸಸ್ಯಶಾಸ್ತ್ರ, ಪ್ರಾಣಿಶಾಸ್ತ್ರಗಳ ಜೊತೆಗೆ. ರಸಾಯನಶಾಸ್ತ್ರಕ್ಕೇ ಮೀಸಲಾದ ಹುದ್ದೆ ಕಾಣಿಸುವುದು ಪಿಯು ಕಾಲೇಜಿನಲ್ಲಿ. ಇಬ್ಬರಿಗೂ ಸೇರಿದ ವಿಷಯ ಯಾರ ಸ್ವಂತದ್ದೂ ಆಗದೆ ಉಳಿಯುವ ಅಪಾಯ ಇಲ್ಲಿದೆ. ಅದನ್ನು ತಪ್ಪಿಸಬೇಕಾದದ್ದು ತರಬೇತಿ.

ಆ ತರಬೇತಿಯ ಹಳೆಯ ಮಾದರಿ ಮದರಾಸಿನದು. 1856ರಲ್ಲಿ ಅಲ್ಲಿ ಆರಂಭವಾದ ಶಿಕ್ಷಕರ ಶಾಲೆ ಮುಂದೆ ಸೈದಾಪೇಟೆಯ ಟ್ರೈನಿಂಗ್ ಕಾಲೇಜಾಯಿತು. ಪದವೀಧರರು ಅಲ್ಲಿ ಓದಿ ಎಲ್.ಟಿ. ಪಡೆಯುತ್ತಿದ್ದರು. ಮೊದಲು ವಿಷಯ, ಆಮೇಲೆ ಕಲಿಸುವ ಕ್ರಮ ಎಂಬ ಈ ಜಾಡನ್ನೇ ಬಿ.ಟಿ., ಬಿ.ಎಡ್.ಗಳೂ ಹಿಡಿದವು.

ಇಂಗ್ಲೆಂಡಿನ ರಸಾಯನಶಾಸ್ತ್ರಜ್ಞ ಹೆನ್ರಿ ಆರ್ಮ್‌ಸ್ಟ್ರಾಂಗ್ (1848–1937) ಹೇಳಿದ್ದೇ ಬೇರೆ. ಕಬ್ಬಿಣಕ್ಕೆ ತುಕ್ಕು ಏಕೆ ಹಿಡಿಯುತ್ತದೆ ಎಂಬುದನ್ನು ಮಕ್ಕಳು ತಾವೇ ಪ್ರಯೋಗ ಮಾಡಿ ಕಂಡುಕೊಳ್ಳಬೇಕು ಎಂಬುದು ಅವರ ವಾದ. ಇದೇ ಹ್ಯೂರಿಸ್ಟಿಕ್ ಪದ್ಧತಿ. ವಿಷಯವನ್ನು ಚೆನ್ನಾಗಿ ಬಲ್ಲವರು ಮಾತ್ರ ಹೀಗೆ ಕಲಿಸಬಲ್ಲರು.

ವಿಷಯವನ್ನೂ ವಿಧಾನವನ್ನೂ ಬೆಸೆಯುವ ಪ್ರಯೋಗ 1963ರಲ್ಲಿ ಮೈಸೂರಿನಲ್ಲಿ ನಡೆಯಿತು. ಎನ್.ಸಿ.ಇ.ಆರ್.ಟಿ.ಯ ರೀಜನಲ್ ಕಾಲೇಜ್ ಆಫ್ ಎಜುಕೇಷನ್ ನಾಲ್ಕು ವರ್ಷಗಳ ಬಿ.ಎಸ್ಸಿ.ಎಡ್. ಪದವಿಗೆ ಹೆಸರಾಯಿತು. ವಿಜ್ಞಾನ ಲೇಖಕ ಜೆ.ಆರ್. ಲಕ್ಷ್ಮಣರಾವ್ ಅಲ್ಲಿ ರಸಾಯನಶಾಸ್ತ್ರ ಕಲಿಸಿದರು. ಹಾಸನ, ಹೊಳೆನರಸೀಪುರಗಳಿಂದ ಮೈಸೂರಿಗೆ ನೇರ ರೈಲುಮಾರ್ಗವೇನೋ ಉಂಟು. ಆದರೆ ದಕ್ಷಿಣದ ರಾಜ್ಯಗಳಿಗೆಲ್ಲ ಅದೊಂದೇ ಕಾಲೇಜು. ಸೀಟು ದೊರೆತದ್ದು ಕೆಲವರಿಗೆ. ಉಳಿದವರಿಗೆ ಪದವಿಯ ನಂತರ ಒಂದು ವರ್ಷದ ಬಿ.ಎಡ್. ಗತಿಯಾಯಿತು.

ಕನ್ನಡ ಮಾಧ್ಯಮದಲ್ಲಿ ಕಲಿಸುವವರಿಗೆ ಇನ್ನೊಂದು ತೊಡಕಿದೆ. ಆಕ್ಸಿಜನ್ ಎಂಬ ಹೆಸರಿಟ್ಟವರು ಫ್ರಾನ್ಸಿನ ಲವಾಸಿಯೆ. ಆಮ್ಲಗಳೆಲ್ಲ ಅದರಿಂದಲೇ ಹುಟ್ಟುತ್ತವೆಂದು ಅವರು ನಂಬಿದ್ದರು. ಕನ್ನಡದ ‘ಆಮ್ಲಜನಕ’ ಆ ಹೆಸರಿನದೇ ಅನುವಾದ. ಹೈಡ್ರೋಕ್ಲೋರಿಕ್ ಆಮ್ಲದಲ್ಲಿ ಆಮ್ಲಜನಕವೇ ಇಲ್ಲವೆಂಬುದು 1810ರಲ್ಲಿ ಹಂಫ್ರಿ ಡೇವಿಯಿಂದ ಸ್ಪಷ್ಟವಾಯಿತು. ಹೆಸರು ಮಾತ್ರ ಉಳಿಯಿತು. ಈ ಕಥೆ ತಿಳಿಯದ ಮೇಷ್ಟರು ಪದದ ಅರ್ಥ ಬಿಡಿಸಿ ಹೇಳಿದರೆ ಮಕ್ಕಳಿಗೆ ತಪ್ಪನ್ನೇ ಕಲಿಸಿದಂತಾಗುತ್ತದೆ. ಇದನ್ನು ಬರೀ ವಿಷಯಜ್ಞಾನವೂ ತಪ್ಪಿಸದು, ಬರೀ ಪಾಠಯೋಜನೆಯೂ ತಪ್ಪಿಸದು.

2015ರಿಂದ ಬಿ.ಎಡ್. ಎರಡು ವರ್ಷದ್ದಾಯಿತು, ಶಾಲೆಯಲ್ಲಿ ಕಳೆಯಬೇಕಾದ ಅವಧಿ 20 ವಾರಕ್ಕೆ ಏರಿತು. 2020ರ ರಾಷ್ಟ್ರೀಯ ಶಿಕ್ಷಣ ನೀತಿ ಮತ್ತೆ ನಾಲ್ಕು ವರ್ಷಗಳ ಸಂಯುಕ್ತ ಪದವಿಯತ್ತಲೇ ಬೆರಳು ತೋರಿತು. ಅಂದರೆ ಮೈಸೂರಿನಲ್ಲಿ 1963ರಲ್ಲಿ ಹೊಳೆದದ್ದು ದೇಶದ ನೀತಿಯಾಗಲು ಅರ್ಧ ಶತಮಾನಕ್ಕೂ ಹೆಚ್ಚು ಕಾಲ ಹಿಡಿಯಿತು.

ಪಾಠದ ಸಾಮಗ್ರಿಗೆ ಜಿಲ್ಲೆಯಲ್ಲಿ ಕೊರತೆಯಿಲ್ಲ. ಹಾಸನದ ಆಲೂಗಡ್ಡೆಯ ಹೋಳಿಗೆ ಅಯೋಡಿನ್ ಹನಿ ಬಿದ್ದರೆ ಪಿಷ್ಟ ಕಡುನೀಲಿಯಾಗುತ್ತದೆ. ಚನ್ನರಾಯಪಟ್ಟಣದ ಕೊಬ್ಬರಿ ಎಣ್ಣೆ ಕಾಸ್ಟಿಕ್ ಸೋಡಾದೊಂದಿಗೆ ಸೇರಿ ಸಾಬೂನಾಗುತ್ತದೆ. ಅರಕಲಗೂಡಿನ ಹೊಗೆಸೊಪ್ಪು, ಹೊಳೆನರಸೀಪುರದ ಹೇಮಾವತಿ ನೀರು ಕೂಡ ಪಾಠಗಳೇ. ಅವನ್ನು ತರಗತಿಗೆ ತರಬಲ್ಲ ಮೇಷ್ಟರನ್ನು ತಯಾರು ಮಾಡುವುದೇ ತರಬೇತಿಯ ಕೆಲಸ.